ಮಧ್ಯಾಹ್ನದ ದೆವ್ವಗಳು

ಆ ಭಾನುವಾರ ನಮ್ಮ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು. ಮುದ್ದೆಯಲ್ಲಿ ಗಂಟಿತ್ತು. ನಾನು ಅದನ್ನು ಹೇಳಿದೆ. ನನ್ನ ಹೆಂಡತಿ ವನಜ, ಗಂಟು ಸಿಕ್ಕಿದವರು ಅದೃಷ್ಟವಂತರು, ಸುಮ್ಮನೆ ನುಂಗಿ ಅಂದಳು. ಊಟವಾದ ಮೇಲೆ ಮೇಜು ಒರೆಸಿ, ಕಿಟಕಿಯ ಪರದೆ ಎಳೆದು, ಎದುರು ಮನೆಯ ಶಬಾನಾಳನ್ನು ಬಾಗಿಲಿಂದಲೇ ಕೂಗಿ, ಮನೆಯಲ್ಲೇ ಇದ್ದ ಅತ್ತೆಯೂ ಸೇರಿ ನಾವು ನಾಲ್ವರು ದೆವ್ವಕ್ಕೆ ಕೂತೆವು. ಬೇರೆಯವರ ಮನೆಯಲ್ಲಿ ಇಸ್ಪೀಟಿಗೆ ಕೂರುತ್ತಾರೆ, ಚೌಕಾಬಾರಕ್ಕೆ ಕೂರುತ್ತಾರೆ. ನಮ್ಮ ಮನೆಯಲ್ಲಿ ದೆವ್ವಕ್ಕೆ ಕೂರುವುದು ವಾಡಿಕೆ. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಹಿಂದಿನ ಮನೆಯವರು ಮಿಕ್ಸಿಯಲ್ಲಿ ಏನೋ ರುಬ್ಬುತ್ತಿದ್ದರು. ದೆವ್ವಕ್ಕೆ ಇದಕ್ಕಿಂತ ಕೆಟ್ಟ ಹೊತ್ತು ಇರಲಾರದು. ಆದರೆ ಕತ್ತಲಾದ ಮೇಲೆ ಶಬಾನಾಗೆ ಅಡುಗೆ, ಅತ್ತೆಗೆ ನಿದ್ದೆ, ನನಗೆ ನಿಜವಾಗಿಯೂ ಭಯ. ಹಾಗಾಗಿ ಶಿರಾ ಊರಿನ ನಮ್ಮ ಓಣಿಯಲ್ಲಿ ದೆವ್ವಗಳು ಮಧ್ಯಾಹ್ನ ಎರಡೂವರೆಯ ಮೇಲೆಯೇ ಓಡಾಡುತ್ತಿದ್ದವು.

ಅದೇ ವಾರ ಬುಧವಾರ ವನಜ ತೀರಿಕೊಂಡಳು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾಯಿಸಿ ಹೇಳುವ ವಿದ್ಯೆ ಅವಳದು, ನನ್ನದಲ್ಲ.

ಆಟದ ವಿಷಯ ಗೊತ್ತಿಲ್ಲದವರು ಹೆಚ್ಚು ಜನ ಇರುತ್ತೀರಿ. ಅದು ಸುಲಭ. ಒಬ್ಬರು ಕಥೆ ಹೇಳಬೇಕು, ಮಿಕ್ಕವರು ಆ ಕಥೆಯೊಳಗಿನ ಜನ. ಕಥೆ ಹೇಳುವವರು, ನೀವು ಒಂದು ಹಾಳು ಮನೆಯ ಮುಂದೆ ನಿಂತಿದ್ದೀರಿ, ಒಳಗೆ ಯಾರೋ ಕೆಮ್ಮಿದರು, ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ನೀವು ಮಾಡುವುದನ್ನು ಹೇಳಬೇಕು. ನೋಡಬಾರದ್ದನ್ನು ನೋಡಿದರೆ ಹತ್ತು ಮುಖದ ಎರಡು ದಾಳ ಹಾಕಬೇಕು, ಒಂದು ಹತ್ತರ ಸ್ಥಾನಕ್ಕೆ, ಇನ್ನೊಂದು ಬಿಡಿಗೆ. ಒಬ್ಬೊಬ್ಬರ ಧೈರ್ಯಕ್ಕೂ ನೂರರೊಳಗೆ ಒಂದು ಅಂಕಿ ಇರುತ್ತದೆ. ದಾಳದಲ್ಲಿ ಅದಕ್ಕಿಂತ ಕಡಿಮೆ ಬಿದ್ದರೆ ಬಚಾವು. ಹೆಚ್ಚು ಬಿದ್ದರೆ ಏನಾಗುತ್ತದೆ ಎಂಬುದು ಕಥೆ ಹೇಳುವವರ ಕೈಯಲ್ಲಿ. ಹುಚ್ಚು ಹಿಡಿಯಬಹುದು, ಸಾಯಬಹುದು. ಧೈರ್ಯದ ಅಂಕಿಗೆ ಆಟದ ಪುಸ್ತಕದಲ್ಲಿ ಏನೋ ದೊಡ್ಡ ಇಂಗ್ಲಿಷ್ ಹೆಸರಿತ್ತು. ವನಜ ಅದನ್ನು ಗುಂಡಿಗೆ ಎಂದು ಕರೆದಳು. ನನ್ನ ಗುಂಡಿಗೆ ಮೂವತ್ತು. ಅಷ್ಟು ಕಡಿಮೆ ಯಾಕೆ ಎಂದು ಕೇಳಿದ್ದಕ್ಕೆ, ಜಿರಲೆ ಬಂದಾಗ ನೋಡಿದ್ದೀನಿ ಎಂದಿದ್ದಳು.

ಪುಸ್ತಕ, ದಾಳಗಳಿದ್ದ ಆ ಆಟದ ಡಬ್ಬವನ್ನು ಮನೆಗೆ ತಂದವಳು ವನಜಳ ತಂಗಿಯ ಮಗಳು. ಕಾಲೇಜು ರಜೆಯಲ್ಲಿ ಬಂದವಳು ಎರಡು ದಿನ ಆಡಿಸಿ, ಬೇಸರವಾಗಿ, ಬಿಟ್ಟು ಹೋದಳು. ವನಜ ಹುಲಿಕುಂಟೆ ಕಡೆಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರು. ಬಸ್ಸಿನಲ್ಲಿ ಹೋಗುತ್ತ ಬರುತ್ತ ಆ ಪುಸ್ತಕ ಓದಿ ಮುಗಿಸಿದಳು. ಅದರಲ್ಲಿ ಸಮುದ್ರದ ದಂಡೆಯ ಊರು, ಮಂಜು, ಹಡಗು, ಬಂಗಲೆ. ನಮ್ಮಲ್ಲಿ ಅರ್ಧ ಜನ ಸಮುದ್ರವನ್ನೇ ನೋಡಿಲ್ಲ, ಸಮುದ್ರದ ದೆವ್ವ ತಗೊಂಡು ಏನು ಮಾಡೋದು ಎಂದು ಪುಸ್ತಕ ಮುಚ್ಚಿಟ್ಟು, ದೆವ್ವಗಳನ್ನು ಈ ಕಡೆಗೆ ಕರೆತಂದಳು. ಬ್ಯಾಟರಿ ಮುಗಿಯುತ್ತ ಬಂದ ಟಾರ್ಚು, ಕಿಕ್ ಹೊಡೆದರೂ ಸ್ಟಾರ್ಟ್ ಆಗದ ಮೊಪೆಡ್ಡು, ಮುಚ್ಚಿದ ಅಕ್ಕಿ ಗಿರಣಿ. ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದಳು. ಒಂದು ಸಾಲೂ ಬರೆದಿಡುತ್ತಿರಲಿಲ್ಲ. ಬರೆದರೆ ನಾನು ಕದ್ದು ಓದುತ್ತೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅತ್ತೆ ಎಂದರೆ ವನಜಳ ಸೋದರತ್ತೆ. ಊರು ಪಾವಗಡದ ಕ್ಯಾತಗಾನಚೆರ್ಲು. ಹೊಲವನ್ನು ಸೋಲಾರ್ ಪಾರ್ಕಿಗೆ ಬಿಟ್ಟುಕೊಟ್ಟ ಮೇಲೆ ಆಕೆಗೆ ಅಲ್ಲಿ ಮಾಡಲು ಕೆಲಸವಿರಲಿಲ್ಲ. ಕಣ್ಣಿನ ಆಪರೇಷನ್ನಿಗೆಂದು ನಮ್ಮ ಮನೆಗೆ ಬಂದವರು ಇಲ್ಲೇ ಉಳಿದರು. ಮೊದಲ ಆಟದಲ್ಲಿ ವನಜ ಹುಣಿಸೆಮರದ ಕೆಳಗೆ ಬಿಳಿ ಸೀರೆಯ ಹೆಂಗಸೊಬ್ಬಳನ್ನು ನಿಲ್ಲಿಸಿದಳು. ತಲೆ ಬಿಚ್ಚಿಕೊಂಡು, ಬೆನ್ನು ತಿರುಗಿಸಿ ನಿಂತಿದ್ದಾಳೆ ಎಂದಳು. ಪುಸ್ತಕದ ಪ್ರಕಾರ ಅಲ್ಲಿ ನಾವು ಓಡಬೇಕು. ಶಬಾನಾ ಆಗಲೇ ಓಡಿದ್ದಳು. ದೆವ್ವ ಬರುವ ಮೊದಲೇ ಓಡುವುದು ಅವಳ ಪದ್ಧತಿ. ಅತ್ತೆ ಮಾತ್ರ, ನಾನು ಹತ್ತಿರಕ್ಕೆ ಹೋಗುತ್ತೇನೆ ಎಂದರು. ಹೋಗಿ, ತಮ್ಮ ಸೀಮೆಯ ತೆಲುಗು ಬೆರೆಸಿ ಕೇಳಿಯೇಬಿಟ್ಟರು.

"ಎವರಮ್ಮಾ ನುವ್ವು? ಯಾವೂರು? ಯಾರ ಪೈಕಿ?"

ವನಜ ದೆವ್ವಕ್ಕೆ ಊರು ಯೋಚಿಸಿರಲಿಲ್ಲ. ತಡವರಿಸಿ ನಾಗಲಮಡಿಕೆ ಎಂದಳು. ಪಾವಗಡ ಸೀಮೆಯ ಹೆಂಗಸಿನ ಹತ್ತಿರ ಆ ಹೆಸರು ಹೇಳಿದ್ದು ದೊಡ್ಡ ತಪ್ಪು. ನಾಗಲಮಡಿಕೆಯಲ್ಲಿ ಯಾರ ಮನೆ, ಬಾವಿಯ ಈಚೆಯೋ ಆಚೆಯೋ, ಯಾರ ಸೊಸೆ ಎಂದು ಅತ್ತೆ ಹಿಡಿದ ಪಟ್ಟು ಬಿಡಲಿಲ್ಲ. ಕಾಫಿ ಆರುವಷ್ಟರಲ್ಲಿ ಆ ದೆವ್ವ ವರಸೆಯಲ್ಲಿ ಅತ್ತೆಗೆ ಸೊಸೆಯಾಗಬೇಕೆಂದು ಗೊತ್ತಾಯಿತು. ಸೊಸೆಯನ್ನು ಕಂಡು ಯಾರು ಓಡುತ್ತಾರೆ? ಕಥೆಯಲ್ಲಿ ಅಂದು ಶುಕ್ರವಾರ. ಶುಕ್ರವಾರದ ದಿನ ಹೀಗೆ ತಲೆ ಬಿಟ್ಟುಕೊಂಡು ನಿಲ್ಲುತ್ತಾರೇನೇ ಎಂದು ಅತ್ತೆ ಅದನ್ನು ಬೈದು, ಜಡೆ ಹಾಕಿಸಿ ಕಳಿಸಿದರು. ಆವತ್ತಿನ ಆಟ ಅಲ್ಲಿಗೆ ಮುಗಿಯಿತು.

ವನಜಳಿಗೆ ಅವಮಾನವಾಯಿತು. ಅಂದಿನಿಂದ ಅವಳ ದೆವ್ವಗಳಿಗೆಲ್ಲ ಊರು, ಮನೆತನ, ನೆಂಟರು ಮೊದಲೇ ಸಿದ್ಧವಾಗಿ ಬರತೊಡಗಿದವು. ವಿಚಿತ್ರವೆಂದರೆ ಆಮೇಲೆಯೇ ಅವು ನಿಜಕ್ಕೂ ಹೆದರಿಸಿದ್ದು. ಯಾರೋ ಒಬ್ಬ ದೆವ್ವವಾದರೆ ಕಣ್ಣು ಮುಚ್ಚಿಕೊಂಡು ಕೂರಬಹುದು. ಕೊರಟಗೆರೆಯಲ್ಲಿ ಬಳೆ ಮಾರುತ್ತಿದ್ದ, ಮಗಳ ಮದುವೆಗೆ ಮೊದಲೇ ತೀರಿಹೋದ, ಇನ್ನೂ ಆ ಮಗಳ ಕೈ ಅಳತೆ ಕೇಳಿಕೊಂಡು ಮನೆಮನೆಗೆ ಬರುವ ಮುದುಕನಾದರೆ ಹೇಗೆ ಮುಚ್ಚಿಕೊಳ್ಳುವುದು? ಆ ಮುದುಕನ ದನಿಯನ್ನು ವನಜ ಎಲ್ಲಿಂದ ತಂದಳೋ. ಅವನು 'ಕೈ ಕೊಡವ್ವ' ಎಂದಾಗ ಶಬಾನಾ ಎರಡೂ ಕೈಯನ್ನು ದುಪಟ್ಟಾದೊಳಗೆ ಬಚ್ಚಿಟ್ಟುಕೊಂಡದ್ದನ್ನು ನಾನು ನೋಡಿದ್ದೇನೆ.

ನಾನು ಆಡುತ್ತಿದ್ದ ರೀತಿಯನ್ನು ಹೇಳಲು ನಾಚಿಕೆ. ನನ್ನದು ಚಪ್ಪಲಿ ಅಂಗಡಿ. ಕಥೆಯಲ್ಲಿ ಯಾರು ಬಂದರೂ ನನ್ನ ಬಾಯಿಂದ ಮೊದಲು ಹೊರಡುವ ಮಾತು, ಕಾಲಲ್ಲಿ ಏನಿದೆ ಎಂಬುದು. ಹವಾಯಿಯೋ, ಎಕ್ಕಡವೋ, ಬೂಟೋ. ದೆವ್ವಕ್ಕೆ ಕಾಲು ಹಿಂದುಮುಂದಾಗಿದೆ ಎಂದರೆ, ಹಾಗಾದರೆ ಅಂಗುಷ್ಠದ ಪಟ್ಟಿ ಎಲ್ಲಿ ಬರುತ್ತದೆ ಎಂದು ಕೇಳಿ ಬೈಸಿಕೊಂಡಿದ್ದೇನೆ.

ಕೊನೆಯ ಕಥೆ ನನ್ನದೇ. ಅಂದರೆ ನನ್ನಿಂದ ಕದ್ದದ್ದು. ನಾನು ಹುಟ್ಟಿ ಬೆಳೆದದ್ದು ಮಧುಗಿರಿ. ಚಿಕ್ಕವನಿದ್ದಾಗ ಬೆಟ್ಟದ ಆ ಬದಿಗೆ ಟೆಂಟು ಸಿನಿಮಾ ಇತ್ತು. ನೆಲದ ಮೇಲೆ ಮರಳು. ಆಟ ಶುರುವಾಗುವ ಮುಂಚೆ ಮೈಕಿನಲ್ಲಿ ಹಾಡು ಹಾಕಿದರೆ ಊರಿಗೆಲ್ಲ ಕೇಳುತ್ತಿತ್ತು. ಅಪ್ಪನ ಜೊತೆ ಹೋಗಿ, ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತು ನೋಡುತ್ತಿದ್ದೆ. ಮುಂದಿನವನೂ ಗುಡ್ಡೆ ಮಾಡಿಕೊಂಡರೆ ನಾನು ಇನ್ನೂ ಎತ್ತರಿಸುತ್ತಿದ್ದೆ, ನನ್ನ ಹಿಂದಿನವನು ಕೂಗಾಡುತ್ತಿದ್ದ. ಒಮ್ಮೆ ಅಲ್ಲೇ ನಿದ್ದೆ ಹೋದೆ. ಎಚ್ಚರವಾದಾಗ ಸಿನಿಮಾ ಮುಗಿದು ಟೆಂಟು ಖಾಲಿ. ಪರದೆ ಬೆಳ್ಳಗಿತ್ತು. ಅಪ್ಪ ಹೊರಗೆ ಬೀಡಿ ಹಚ್ಚಿಕೊಂಡು ಯಾರ ಜೊತೆಗೋ ಮಾತಾಡುತ್ತಿದ್ದರಂತೆ. ಆದರೆ ಅಷ್ಟು ಹೊತ್ತು ಲೋಕದಲ್ಲಿ ನಾನೊಬ್ಬನೇ ಉಳಿದಿದ್ದೇನೆಂದು ತಿಳಿದು, ಅಳಲೂ ಹೆದರಿ ಮರಳಿನಲ್ಲಿ ಕೂತಿದ್ದೆ. ಮದುವೆಯಾದ ಹೊಸದರಲ್ಲಿ ಇದನ್ನು ವನಜಳಿಗೆ ಹೇಳಿದ್ದೆ. ಅವಳು ಬಟ್ಟೆ ಮಡಿಸುತ್ತ ಹೂಂ ಎಂದಿದ್ದಳು. ಹೆಂಡತಿಗೆ ಹೇಳಿದ ಮಾತು ಎಲ್ಲಿಗೂ ಹೋಗುವುದಿಲ್ಲ.

ಇಷ್ಟು ವರ್ಷ ಬಿಟ್ಟು ಅದು ಆಟದಲ್ಲಿ ಬಂತು. ಕಿತ್ತುಹೋದ ಟೆಂಟಿನಿಂದ ಸಂಜೆ ಈಗಲೂ ಮೈಕಿನ ಹಾಡು ಕೇಳುತ್ತಿದೆ, ನೋಡಿ ಬರಲು ನಾವು ಮೂವರು ಹೋಗಿದ್ದೇವೆ. ಆ ಭಾನುವಾರ ಅತ್ತೆ ಟಿಕೆಟ್ಟು ಹರಿಯುವವನ ಕುಲಗೋತ್ರ ವಿಚಾರಿಸುತ್ತ ಗೇಟಿನಲ್ಲೇ ನಿಂತರು. ಶಬಾನಾ ಮೊಪೆಡ್ಡಿನ ಹಿಂದೆ ಅಡಗಿದಳು. ನಾನೊಬ್ಬನೇ ಒಳಗೆ ಹೋದೆ. ಪರದೆ ಬೆಳ್ಳಗಿದೆ ಎಂದಳು ವನಜ. ಮರಳಿನ ಮೇಲೆ, ತೀರ ಮುಂದೆ, ಯಾರೋ ಒಬ್ಬರು ಪರದೆಯನ್ನೇ ನೋಡುತ್ತ ಕೂತಿದ್ದಾರೆ ಎಂದಳು. ಕಾಲಲ್ಲಿ ಏನಿದೆ ಎಂದು ಕೇಳಿದೆ. ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಿದ್ದಾರೆ. ಗಂಡಸರದೋ ಹೆಂಗಸರದೋ ಎಂದೆ. ಮರಳು ಮುಚ್ಚಿದೆ, ಕಾಣುವುದಿಲ್ಲ.

ನಾನು ಹತ್ತಿರ ಹೋಗಿ ಅವರ ಭುಜದ ಮೇಲೆ ಕೈ ಇಟ್ಟೆ ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಮೂವತ್ತು ಗುಂಡಿಗೆಯವನು ಮಾಡುವ ಕೆಲಸವಲ್ಲ. ವನಜ ನನ್ನನ್ನು ಒಂದು ಸಲ ನೋಡಿ, ದಾಳ ಹಾಕಿ ಎಂದಳು. ತೊಂಬತ್ತಾರು ಬಿತ್ತು. ಹೋದ ಬುಡು ಎಂದರು ಅತ್ತೆ. ಹಿಂದಿನ ಮನೆಯ ಮಿಕ್ಸಿ ಆಗಲೇ ನಿಂತಿತ್ತು. ವನಜ ದಾಳದ ಮೇಲೆ ಅಂಗೈ ಮುಚ್ಚಿ ಎದ್ದಳು.

"ಕೈ ಇಟ್ಟಿದೀರಲ್ಲ, ಹಂಗೇ ಇಟ್ಕೊಂಡಿರಿ. ಮುಂದಿನ ಭಾನುವಾರ ಅವ್ರು ತಿರುಗಿ ನೋಡ್ತಾರೆ."

ಕಾಫಿ ಕಾಯಿಸಲು ಒಳಗೆ ಹೋದಳು. ಸಂಜೆ ನಾನು ಅವಳ ಹಿಂದೆ ಹಿಂದೆ ಸುತ್ತಿದೆ. ಸೋಮವಾರ ಬೆಳಿಗ್ಗೆಯೂ ಕೇಳಿದೆ. ಯಾರು ಅದು, ನಾನು ಸಾಯುತ್ತೇನೋ ಉಳಿಯುತ್ತೇನೋ ಅಷ್ಟನ್ನಾದರೂ ಹೇಳು ಎಂದೆ. ಅವಳು ಪೂರಿ ಹಿಟ್ಟು ನಾದುತ್ತ, "ಸಾಯಿಸೋದಾದ್ರೆ ಚೆನ್ನಾಗಿ ಸಾಯಿಸ್ತೀನಿ ಬಿಡ್ರಿ" ಎಂದಳು.

ಬುಧವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತವಳು ಏಳಲಿಲ್ಲ. ಹೃದಯ ಎಂದರು. ಜೊತೆಯ ಟೀಚರೊಬ್ಬರು ಬಸ್ಸು ಹತ್ತಿ ಅವಳ ಸೀಟಿಗೆ ಕರ್ಚೀಫು ಹಾಕಿ ಕಿಟಕಿಯಿಂದ ಕರೆಯುತ್ತಿದ್ದರಂತೆ. ನಿದ್ದೆ ಬಂದಿದೆ ಎಂದುಕೊಂಡರಂತೆ. ನಲವತ್ತೇಳನೆಯ ವಯಸ್ಸಿಗೆ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಯಾರಿಗೆ ನಿದ್ದೆ ಬರುತ್ತದೆ?

ಮಣ್ಣಿಗೆ ಬಂದವರ ಚಪ್ಪಲಿಗಳು ನಮ್ಮ ಬಾಗಿಲಲ್ಲಿ ರಾಶಿ ಬಿದ್ದಿದ್ದವು. ಅರ್ಧಕ್ಕರ್ಧ ನನ್ನ ಅಂಗಡಿಯವೇ. ನಾನು ಗೋಡೆಗೆ ಒರಗಿ ಅವನ್ನೇ ನೋಡುತ್ತಿದ್ದೆ. ಯಾವುದು ಯಾರದು, ಯಾವುದರ ಹೊಲಿಗೆ ಈ ಮಳೆಗಾಲ ತಡೆಯುವುದಿಲ್ಲ ಎಂದು ಲೆಕ್ಕ ಹಾಕುತ್ತಿತ್ತು ನನ್ನ ತಲೆ. ಅದಕ್ಕೆ ಬೇರೇನೂ ಗೊತ್ತಾಗುತ್ತಿರಲಿಲ್ಲ. ಬಂದ ಹೆಂಗಸರು, ಪುಣ್ಯವಂತೆ, ಮುತ್ತೈದೆ ಸಾವು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ನನ್ನನ್ನು ಉಳಿಸಿ ಹೋದದ್ದು ಅವಳ ಪುಣ್ಯ. ಅದು ಯಾವ ಜನ್ಮದ ಪುಣ್ಯವೋ, ಅದರಲ್ಲಿ ನನ್ನ ಪಾಲು ಯಾವುದೋ, ಯಾರೂ ಹೇಳಲಿಲ್ಲ.

ಹನ್ನೊಂದನೆಯ ದಿನ ಎಡೆ ಇಡುತ್ತಾರಲ್ಲ, ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ. ಅವಳ ಚಿತ್ರಾನ್ನ, ವಡೆ, ಹೊಸ ಸೀರೆ, ಕಾಫಿ. ಅತ್ತೆ ಒಳಗಿನಿಂದ ಬಂದು ಎರಡು ದಾಳಗಳನ್ನು ವಡೆಯ ಪಕ್ಕದಲ್ಲಿಟ್ಟರು. ಕೊರಟಗೆರೆಯ ನನ್ನ ಬಾಮೈದ, ವನಜಳ ತಮ್ಮ, ಅದನ್ನು ನೋಡಿ ತಡೆಯಲಾರದೆ ಹೋದ. ಅವನು ಯಾರನ್ನೋ ಶಾಸ್ತ್ರ ಕೇಳಿ ಬಂದಿದ್ದ. ಈ ಸಾಮಾನನ್ನೆಲ್ಲ ಕೆರೆಗೆ ಹಾಕಬೇಕು, ಮನೆಯಲ್ಲಿ ಕೂತು ದೆವ್ವ ಕರೆಯೋ ಆಟ ಆಡಿದರೆ ಇನ್ನೇನಾಗುತ್ತೆ ಬಾವ ಎಂದು ಎಲ್ಲರ ಮುಂದೆ ಕೇಳಿದ. ನೆಂಟರು ತಲೆ ತಗ್ಗಿಸಿದರು. ಅವರೂ ಅದನ್ನೇ ಅಂದುಕೊಂಡಿದ್ದರು, ಹೇಳಿರಲಿಲ್ಲ ಅಷ್ಟೆ. ಅತ್ತೆ ಎಲೆಯ ಮುಂದೆ ಕೂತಲ್ಲಿಂದಲೇ ಹೇಳಿದರು.

"ಕರುದ್ರೆ ಬರಂಗಿದ್ರೆ ನಾನು ದಿನಾ ಕರೀತಿದ್ನಲ್ಲಾ. ನಿಮ್ಮಾವ ಹೋಗಿ ಎಷ್ಟು ವರ್ಸ ಆಯ್ತು, ಒಂದು ದಿನ ಬಂದವ್ನಾ?"

ಅವನು ದಾಳ ತೆಗೆದ. ಅತ್ತೆ ಕಿತ್ತುಕೊಂಡು ಮತ್ತೆ ಅಲ್ಲೇ ಇಟ್ಟರು. ಅವನು ಊಟ ಮಾಡದೆ ಬಸ್ಸು ಹತ್ತಿದ. ಅವನಿಗೂ ಅಕ್ಕ ಹೋಗಿದ್ದಾಳೆ. ಯಾರನ್ನಾದರೂ ಬೈಯಬೇಕಲ್ಲ, ಎರಡು ದಾಳ ಕೈಗೆ ಸಿಕ್ಕಿದ್ದವು. ನನಗೆ ಅವೂ ಸಿಕ್ಕಲಿಲ್ಲ. ನಾನು ವನಜಳನ್ನೇ ಬೈದೆ. ನನ್ನನ್ನು ಆ ಟೆಂಟಿನೊಳಗೆ ಕೈ ಚಾಚಿಸಿ ನಿಲ್ಲಿಸಿ, ಉತ್ತರ ತಗೊಂಡು ಹೊರಟುಹೋದಳಲ್ಲ ಎಂದು. ಸಾವಿರ ದೊಡ್ಡ ದುಃಖಗಳಿರುವಾಗ ಇದೊಂದು ದುಃಖವೇ ಎಂದು ನಿಮಗನ್ನಿಸಬಹುದು. ದೊಡ್ಡ ದುಃಖಗಳನ್ನು ಹಿಡಿಯಲು ಕೈಗೆ ಏನೂ ಸಿಗುವುದಿಲ್ಲ. ಅಲ್ಲಿ ಯಾರು ಕೂತಿದ್ದರು, ಅವಳು ನನ್ನನ್ನು ಏನು ಮಾಡುವವಳಿದ್ದಳು ಎಂಬುದು ಮಾತ್ರ ಹಿಡಿಯಲು ಬರುವಷ್ಟು ಸಣ್ಣದಾಗಿತ್ತು. ಅದು ನನಗೆ ಬೇಕಿತ್ತು.

ಅಂಗಡಿ ತೆರೆದೆ. ಜನ ನನ್ನ ಮೇಲೆ ಕರುಣೆ ತೋರಿಸತೊಡಗಿದರು. ಚಪ್ಪಲಿ ಅಂಗಡಿಯವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಯಾರೂ ಚೌಕಾಸಿ ಮಾಡಲಿಲ್ಲ. ಬಿಗಿಯಾದದ್ದನ್ನೂ ಸರಿಯಾಗಿದೆ ಎಂದು ಕುಂಟುತ್ತ ಹಾಕಿಕೊಂಡು ಹೋದರು. ಎಂಟು ನಂಬರಿನ ಕಾಲಿಗೆ ಏಳು ಕೊಟ್ಟರೂ ವಾಪಸು ತರಲಿಲ್ಲ. ಮೊದಲು ನನ್ನ ಜೊತೆ ಜಗಳವಾಡದೆ ಒಂದು ಜೋಡಿಯನ್ನೂ ಕೊಳ್ಳದ ಹಾಲಿನ ಡೈರಿಯವನು ಕೂಡ, ಕೊಟ್ಟದ್ದನ್ನು ತೆಗೆದುಕೊಂಡು, ಹುಷಾರಾಗಿರಿ ಅಣ್ಣ ಎಂದು ಹೋದ. ಮನೆಗೆ ಬಂದರೆ ಅತ್ತೆ ಮುದ್ದೆಯಲ್ಲಿ ಗಂಟಿಲ್ಲದಂತೆ ತಿರುವಿರುತ್ತಿದ್ದರು.

ತಿಂಗಳುಗಳಾದ ಮೇಲೆ ಒಂದು ಭಾನುವಾರ ಶಬಾನಾ ತಾನಾಗಿಯೇ ಬಂದಳು. ಹೊಲಿಗೆ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದಿದ್ದಳು, ದುಪಟ್ಟಾದ ಮೇಲೆ ದಾರದ ಚೂರುಗಳಿದ್ದವು. ಆಡೋಣ ಅಣ್ಣಾ, ನಾನು ಹೇಳುತ್ತೇನೆ ಎಂದಳು. ಅಕ್ಕ ಹೇಳಿದ್ದನ್ನೆಲ್ಲ ಕೇಳಿ ಕೇಳಿ ತನಗೂ ಸ್ವಲ್ಪ ಬರುತ್ತದೆ ಎಂದಳು. ವನಜಳ ಕುರ್ಚಿಯಲ್ಲಿ ಕೂರದೆ ಅಡುಗೆಮನೆಯ ಸ್ಟೂಲು ತಂದುಕೊಂಡಳು. ಪರದೆ ಎಳೆದಳು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಎಷ್ಟೋ ದಿನದ ಮೇಲೆ ಅದು ಇದೆ ಎಂದು ಗೊತ್ತಾಯಿತು.

ನೀವು ಕೈ ಇಟ್ಟಿದ್ದೀರಿ ಎಂದು ಶುರು ಮಾಡಿದಳು. ಚೆನ್ನಾಗಿಯೇ ಶುರು ಮಾಡಿದಳು. ಆಮೇಲೆ ದಾಳವನ್ನು ನನ್ನ ಕಡೆ ತಳ್ಳಿ, ಹಾಕಿ ಎಂದಳು.

"ಆವತ್ತೇ ಹಾಕಿದ್ದೆ. ತೊಂಬತ್ತಾರು."

"ಅದು ಹಳೇದು ಅಣ್ಣಾ. ಹೊಸದಾಗಿ ಹಾಕಿ."

ನಾನು ಹಾಕಲಿಲ್ಲ. ಅವಳೇ ತನ್ನ ಕೈಯಿಂದ ಹಾಕಿ, ನಮಗೆ ತೋರಿಸದೆ ತೆಗೆದಿಟ್ಟುಕೊಂಡು, ಹನ್ನೆರಡು, ಬಚಾವಾದಿರಿ ಎಂದಳು. ಮುಂದೆ ಕೂತಿದ್ದವರು ತಿರುಗಿ ನೋಡಿದರು. ಅದು ಟೆಂಟಿನ ಹಳೇ ಕಾವಲುಗಾರ, ತುಂಬ ಒಳ್ಳೆಯ ಮುದುಕ. ಆಟ ಮುಗೀತು, ಮನೆಗೆ ಹೋಗಪ್ಪಾ ಎಂದು ನನ್ನ ಕೈ ಹಿಡಿದು ಗೇಟಿನವರೆಗೆ ಬಿಟ್ಟ. ಮೊಪೆಡ್ಡು ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಮೂವರೂ ಕ್ಷೇಮವಾಗಿ ಮನೆ ಸೇರಿದೆವು.

ಅತ್ತೆ ಆ ಕಾವಲುಗಾರನ ಊರು ಯಾವುದೆಂದು ಕೇಳಲೂ ಇಲ್ಲ. ನಾನು ಶಬಾನಾಳನ್ನು ಕೇಳಿದೆ, ವನಜ ಆಗಿದ್ದರೆ ಇಷ್ಟಕ್ಕೆ ಬಿಡುತ್ತಿದ್ದಳಾ ಎಂದು. ನನ್ನ ದನಿ ಇರಬೇಕಾದ್ದಕ್ಕಿಂತ ಗಡುಸಾಗಿತ್ತು. ಅವಳು ದುಪಟ್ಟಾದ ದಾರಗಳನ್ನು ಒಂದೊಂದಾಗಿ ಕೀಳುತ್ತ ಕೂತಳು.

"ಅಕ್ಕ ಬಿಡ್ತಿರ್ಲಿಲ್ಲ. ಸಾಯಿಸ್ತಿದ್ರು. ಅವ್ರಿಗೆ ಆಗ್ತಿತ್ತು, ನಿಮ್ಮ ಹೆಂಡ್ತಿ ಅವ್ರು. ನಾನ್ ಹೆಂಗೆ ಸಾಯಿಸ್ಲಿ ಅಣ್ಣಾ ನಿಮ್ಮನ್ನ, ಈ ಟೈಮಲ್ಲಿ?"

ಅವಳು ಹೋದ ಮೇಲೆ ಪರದೆ ಸರಿಸಿದೆ. ಒಳಗೆಲ್ಲ ಬಿಸಿಲು ಬಂತು. ನಮ್ಮನ್ನು ಸಾಯಿಸಲು ಕೈ ಬರಬೇಕಾದರೆ ನಮ್ಮ ಮೇಲೆ ಎಷ್ಟು ಅಧಿಕಾರ ಇರಬೇಕು ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಈಗ ಆ ಅಧಿಕಾರದವರು ಯಾರೂ ಉಳಿದಿಲ್ಲ. ಎಲ್ಲರೂ ನನ್ನನ್ನು ಗೇಟಿನವರೆಗೆ ಬಿಟ್ಟು ಬರುವವರೇ.

ಅತ್ತೆ ಎದ್ದು ಹೋಗಲಿಲ್ಲ. ಏನೋ ಹೇಳಬೇಕೆಂದು ಕೂತವರ ಹಾಗೆ ಕಂಡರು. ವನಜ ನಿಮಗೇನಾದರೂ ಹೇಳಿದ್ದಳಾ ಎಂದು ಕೇಳಿದೆ. ಇಷ್ಟು ದಿನ ಅದನ್ನು ಕೇಳಲು ನನಗೆ ಧೈರ್ಯವಿರಲಿಲ್ಲ. ಹೇಳಿರಬಹುದು ಎಂಬುದೇ ಒಂದು ಆಸೆಯಾಗಿ ಉಳಿದಿತ್ತು.

"ಕೇಳಿದ್ದೆ ಕಣಪ್ಪ," ಎಂದರು ಅತ್ತೆ. "ಆವತ್ತೇ, ಕಾಫಿ ಕಾಯ್ಸ್ತಾ ಇದ್ಲಲ್ಲ, ಆವಾಗ. ಯಾರೇ ಅದು ಕುಂತಿರೋದು, ನಂಗಾದ್ರೂ ಹೇಳೇ ಅಂದೆ."

"ಏನಂದ್ಲು?"

"ನಕ್ಕಂಡ್ಲು. ನಂಗೂ ಗೊತ್ತಿಲ್ಲ ಅತ್ತೆ, ಶನಿವಾರ ಯೋಚ್ನೆ ಮಾಡ್ತೀನಿ, ಅವ್ರಿಗೆ ಮಾತ್ರ ಹೇಳ್ಬ್ಯಾಡಿ ಅಂದ್ಲು."

ಅತ್ತೆ ಅದನ್ನು ಇಷ್ಟು ದಿನ ನನ್ನಿಂದ ಮುಚ್ಚಿಟ್ಟದ್ದೂ ಕರುಣೆಯೇ. ಶನಿವಾರ ಶಾಲೆ ಅರ್ಧ ದಿನ. ವನಜ ಒಂದು ಗಂಟೆಗೆ ಬಂದು, ಒಗೆದ ಬಟ್ಟೆಯ ಬಕೆಟ್ಟು ಹಿಡಿದು ತಾರಸಿಗೆ ಹೋಗುತ್ತಿದ್ದಳು. ನಾಲ್ಕು ಬಟ್ಟೆ ಹರವಲು ಇಷ್ಟು ಹೊತ್ತೇ ಎಂದು ನಾನು ಕೆಳಗಿನಿಂದ ಕೂಗುತ್ತಿದ್ದೆ. ಬಂದೆ ಬಂದೆ ಎನ್ನುತ್ತಿದ್ದಳು, ಬರುತ್ತಿರಲಿಲ್ಲ. ಅಲ್ಲಿ ನಿಂತು ಅವಳು ನಮ್ಮ ಭಾನುವಾರವನ್ನು ಯೋಚಿಸುತ್ತಿದ್ದಳು ಎಂದು ಈಗ ತಿಳಿಯಿತು.

ಅವಳು ಉತ್ತರವನ್ನು ತನ್ನ ಜೊತೆ ಮಣ್ಣಿಗೆ ಒಯ್ದಿದ್ದಾಳೆ ಎಂದು ನಾನು ಅವಳ ಮೇಲೆ ಸಿಟ್ಟು ಇಟ್ಟುಕೊಂಡು ಬದುಕುತ್ತಿದ್ದೆ. ಒಯ್ದಿರಲಿಲ್ಲ. ಅವಳ ಬಳಿಯೂ ಅದು ಇರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಇದ್ದ ಒಂದೇ ಕಾರಣವೂ ಹೋಯಿತು. ಅವಳು ತಾರಸಿಯ ಮೇಲೆ ನಿಂತು ಇನ್ನೊಂದು ಶನಿವಾರ ಯೋಚನೆ ಮಾಡಬೇಕಾಗಿತ್ತು. ಅದು ಆಗಿಲ್ಲ.